ಸ್ವಭಾವದ ಹದಿನಾರು ಅಚ್ಚುಗಳು

ಕಳೆದ ಶ್ರಾವಣದಲ್ಲಿ ಪರಿಚಿತರಾದ ಗೃಹಸ್ಥರೊಬ್ಬರು ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಆಕೆಗೆ ಅಧ್ಯಾಪಿಕೆಯಾಗುವ ಹಂಬಲ. ಆದರೆ ಕಾಲೇಜಿನಲ್ಲಿ ನಡೆದ ವ್ಯಕ್ತಿತ್ವ ಪರೀಕ್ಷೆಯು ಆಕೆಯನ್ನು 'ಅಂತರ್ಮುಖಿ'ಯೆಂದು ನಿರ್ಣಯಿಸಿತ್ತು. "ಶಾಸ್ತ್ರಿಗಳೇ, ನಾಲ್ಕು ಜನರೆದುರು ಮಾತನಾಡುವ ಸ್ವಭಾವ ಇವಳದಲ್ಲವಂತೆ. ಬಿ.ಎಡ್. ಸೇರಿಸುವುದು ಬೇಡವೇ?" ಎಂದು ತಂದೆ ಫಲಿತಾಂಶದ ಕಾಗದವನ್ನು ಮುಂದಿಟ್ಟರು. ಮಗಳು ತಲೆತಗ್ಗಿಸಿ ಕುಳಿತಿದ್ದಳು.

ಈ ಬಗೆಯ ಪರೀಕ್ಷೆಯ ಮೂಲವು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಹಾಗೂ ಅವರ ಮಗಳು ಇಸಾಬೆಲ್ ಮೈಯರ್ಸ್ ಅದನ್ನು ವಿಸ್ತರಿಸಿ, ನಾಲ್ಕು ಜೋಡಿ ಗುಣಗಳಿಂದ 16 ವರ್ಗಗಳನ್ನು ರೂಪಿಸಿದರು. ತಾಯಿ-ಮಗಳಿಬ್ಬರೂ ಮನೋವಿಜ್ಞಾನವನ್ನು ವಿಧಿವತ್ತಾಗಿ ಅಭ್ಯಸಿಸಿದವರಲ್ಲ. ಕೇವಲ ಅಂತರ್ಮುಖಿಯಾದ ಮನುಷ್ಯನಿಲ್ಲವೆಂದು ಯೂಂಗರೇ ಹೇಳಿದ್ದುಂಟು. ಅನುಯಾಯಿಗಳು ಅದನ್ನು ಮರೆತಂತಿದೆ.

ಊರಿನವರೆಲ್ಲರ ಎತ್ತರವನ್ನು ಅಳೆದರೆ ಬಹುಪಾಲು ಜನರು ನಡುವಿನ ಅಳತೆಯವರೇ ಆಗಿರುತ್ತಾರೆ. ಸ್ವಭಾವದ ಅಂಕಗಳೂ ಹಾಗೆಯೇ. ನಡುವೆ ಗೆರೆಯೆಳೆದಾಗ, ಗೆರೆಯ ಆಚೀಚೆ ಕೂದಲೆಳೆಯ ಅಂತರದಲ್ಲಿರುವ ಇಬ್ಬರು ಬೇರೆ ಬೇರೆ ಜಾತಿಯವರಾಗಿಬಿಡುತ್ತಾರೆ! ಕೆಲವು ವಾರಗಳ ಬಳಿಕ ಅದೇ ಪರೀಕ್ಷೆಯನ್ನು ಬರೆದವರಲ್ಲಿ ಅನೇಕರ ವರ್ಗವೇ ಬದಲಾಗುವುದಕ್ಕೆ ಇದೂ ಕಾರಣ. ಆದುದರಿಂದಲೇ ಇಂದಿನ ವಿದ್ವಾಂಸರು ವರ್ಗಗಳನ್ನು ಬಿಟ್ಟು, ಐದು ಗುಣಗಳು ಯಾರಲ್ಲಿ ಎಷ್ಟೆಷ್ಟು ಪ್ರಮಾಣದಲ್ಲಿವೆಯೆಂದು ಅಳೆಯುತ್ತಾರೆ.

"ಆದರೆ ಇದರಲ್ಲಿ ಬರೆದದ್ದೆಲ್ಲ ನಿಜವೇ ಇದೆಯಲ್ಲ!" ಎಂದರು ತಂದೆ. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ಎಂಬ ಅಧ್ಯಾಪಕರು 39 ವಿದ್ಯಾರ್ಥಿಗಳಿಗೆ ಸ್ವಭಾವವರ್ಣನೆಯನ್ನು ಬರೆದುಕೊಟ್ಟು, ಅದು ಎಷ್ಟು ನಿಜವೆಂದು ಕೇಳಿದರು. ಸರಾಸರಿ 5ಕ್ಕೆ 4ಕ್ಕೂ ಮಿಕ್ಕಿ ಅಂಕಗಳು ಬಂದವು. ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ. ಅದರ ಬಹುಭಾಗವನ್ನು ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದುಕೊಂಡಿದ್ದರು.

ಹಾಗೆಂದು ಇದು ಸಂಪೂರ್ಣ ನಿರರ್ಥಕವೆನ್ನಲಾರೆ. ಮಾತು ಕಡಿಮೆಯಾಡುವ ಸೊಸೆಯನ್ನು ಗರ್ವಿಷ್ಠೆಯೆಂದು ತಿಳಿದ ಅತ್ತೆಗೆ 'ಅಂತರ್ಮುಖಿ' ಎಂಬ ಮಾತು ಕಣ್ತೆರೆಸಿದರೆ ಅಷ್ಟರಮಟ್ಟಿಗೆ ಉಪಕಾರವೇ.

ನಮ್ಮಲ್ಲಿಯೂ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯರೆಂದರೆ ಆರು ಬಗೆಯ ಜನರೆಂದು ಭಾವಿಸಿದವರನ್ನು ಕಂಡಿದ್ದೇನೆ. ಷಟ್‌ಸ್ಥಲವು ಒಬ್ಬನೇ ಸಾಧಕನು ಏರಬೇಕಾದ ಸೋಪಾನ. ಮಠದಲ್ಲಿ ಓದುವಾಗ ನಾನು ಸಭೆಯೆಂದರೆ ನಡುಗುತ್ತಿದ್ದೆ. ಗುರುಗಳು ನನ್ನ ಸ್ವಭಾವವನ್ನು ವಿಚಾರಿಸಲಿಲ್ಲ; ದಿನವೂ ಸಂಜೆ ಐದಾರು ಹುಡುಗರೆದುರು ಪಾಠ ಒಪ್ಪಿಸಲು ನಿಲ್ಲಿಸಿದರು. ಇಂದಿಗೂ ಪ್ರವಚನಕ್ಕೆ ಮುನ್ನ ನನಗೆ ಅರ್ಧ ಗಂಟೆ ಏಕಾಂತ ಬೇಕು. ನಡುಕ ಪೂರ್ತಿ ಹೋಗಿಲ್ಲ, ಪ್ರವಚನವೂ ನಿಂತಿಲ್ಲ.

ಕೊನೆಗೆ ಮಗಳನ್ನೇ ಮಾತನಾಡಿಸಿದೆ. ಓಣಿಯ ಏಳೆಂಟು ಮಕ್ಕಳಿಗೆ ಎರಡು ವರ್ಷಗಳಿಂದ ಸಂಜೆ ಗಣಿತ ಹೇಳಿಕೊಡುತ್ತಿರುವುದಾಗಿ ಮೆಲ್ಲನೆ ಹೇಳಿದಳು. ತಂದೆಗೆ ಅದು ಗೊತ್ತಿತ್ತು, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾಗದವನ್ನು ಮಡಿಸಿ ಅವರಿಗೆ ಹಿಂದಿರುಗಿಸುತ್ತ, ಬಿ.ಎಡ್. ಅರ್ಜಿಗೆ ಕಡೆಯ ದಿನ ಯಾವುದೆಂದು ಕೇಳಿದೆ. ಇನ್ನೂ ಒಂಬತ್ತು ದಿನಗಳಿದ್ದವು.