ಕದ್ದಾಲಿಕೆಯ ಆದೇಶಕ್ಕೆ ಸಹಿ ಯಾರದು?

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿ ಹುದ್ದೆಗೆ ರಾಜೀನಾಮೆ ಕೊಟ್ಟರು. ರಾಜಕಾರಣಿಗಳ ಫೋನುಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ್ದಾರೆಂಬ ಆರೋಪ ಅವರ ಸರ್ಕಾರವನ್ನು ಸುತ್ತಿಕೊಂಡಿತ್ತು. ಆ ರಾಜೀನಾಮೆ ಅಂದಿನ ತಲೆಮಾರಿಗೆ ಇನ್ನೂ ನೆನಪಿದೆ. ಆದರೆ ಕದ್ದಾಲಿಸಲು ದಾರಿ ಮಾಡಿಕೊಟ್ಟಿದ್ದ ಕಾನೂನು ಮಾತ್ರ ಅಂದು ಕಿಂಚಿತ್ತೂ ಅಲುಗಾಡಲಿಲ್ಲ.

ಅದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಇದ್ದರೆ, ಇಲ್ಲವೇ ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ ಮಾತ್ರ ಸರ್ಕಾರ ಸಂದೇಶಗಳನ್ನು ನಡುವೆ ತಡೆದು ಕೇಳಬಹುದು ಎಂದು ಅದರ 5ನೇ ಕಲಂ ಹೇಳುತ್ತಿತ್ತು. ಅದಕ್ಕೂ ದೇಶದ ಅಖಂಡತೆ, ಭದ್ರತೆ, ಸುವ್ಯವಸ್ಥೆಯಂಥ ಕೆಲವೇ ಕಾರಣಗಳಿರಬೇಕು, ಕಾರಣವನ್ನು ಬರೆದಿಡಬೇಕು. ಯಾವ ದರ್ಜೆಯ ಅಧಿಕಾರಿ ಸಹಿ ಹಾಕಬೇಕು, ಎಷ್ಟು ದಿನ ಕೇಳಬಹುದು, ಕೇಳಿದ್ದನ್ನು ಏನು ಮಾಡಬೇಕು ಎಂಬುದಕ್ಕೆ ನೂರು ವರ್ಷ ದಾಟಿದರೂ ನಿಯಮಗಳೇ ಇರಲಿಲ್ಲ. ಕೆಲಸವಂತೂ ಸುಲಭದ್ದು. ಪ್ರತಿ ಮನೆಯ ಫೋನಿನ ಎರಡು ತಂತಿ ಎಕ್ಸ್‌ಚೇಂಜಿಗೆ ಬಂದು ಸೇರುತ್ತಿದ್ದವು; ಅಲ್ಲಿ ಇನ್ನೊಂದು ಜೊತೆ ತಂತಿ ಕೂಡಿಸಿದರೆ ಸಾಕಿತ್ತು.

ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಬಗ್ಗೆ ಸಿಬಿಐ ಸಿದ್ಧಪಡಿಸಿದ ವರದಿ 1991ರಲ್ಲಿ ‘ಮೇನ್‌ಸ್ಟ್ರೀಮ್’ ಪತ್ರಿಕೆಯಲ್ಲಿ ಹೊರಬಿತ್ತು. ಕೆಲವು ಫೋನುಗಳಿಗೆ ಅನುಮತಿ ಪತ್ರವೇ ಸಿಕ್ಕಿರಲಿಲ್ಲ, ಕೆಲವನ್ನು ಅನುಮತಿಯ ಅವಧಿ ಮುಗಿದ ಮೇಲೂ ಕೇಳಲಾಗಿತ್ತು, ದಾಖಲೆ ಪುಸ್ತಕಗಳು ಸರಿಯಾಗಿರಲಿಲ್ಲ. ನಾಗರಿಕ ಸ್ವಾತಂತ್ರ್ಯಗಳ ಜನತಾ ಒಕ್ಕೂಟ, ಅಂದರೆ ಪಿಯುಸಿಎಲ್, ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 18ಕ್ಕೆ. ಮನೆಯಲ್ಲೋ ಕಚೇರಿಯಲ್ಲೋ ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ, ಅದನ್ನು ಮನಬಂದಂತೆ ಕೇಳುವಂತಿಲ್ಲ ಎಂದಿತು ಕೋರ್ಟು. ಆದೇಶಕ್ಕೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಸಹಿ, ಒಂದು ಸಲಕ್ಕೆ ಎರಡು ತಿಂಗಳು, ಎಷ್ಟು ಮುಂದುವರಿಸಿದರೂ ಒಟ್ಟು ಆರು ತಿಂಗಳು, ಹಿರಿಯ ಕಾರ್ಯದರ್ಶಿಗಳ ಪರಿಶೀಲನಾ ಸಮಿತಿ: ಇಷ್ಟನ್ನು ಅದೇ ಹಾಕಿಕೊಟ್ಟಿತು. ಮುಂದೆ ಸರ್ಕಾರ ಇದನ್ನು ಟೆಲಿಗ್ರಾಫ್ ನಿಯಮಗಳಲ್ಲಿ 419ಎ ನಿಯಮವಾಗಿ ಸೇರಿಸಿತು. ಈಗ ಟೆಲಿಗ್ರಾಫ್ ಕಾಯ್ದೆಯ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದಿವೆ. ಒಳಗಿನ ಎಲುಬಿನ ಗೂಡು ಮಾತ್ರ 1996ರದ್ದೇ.

ಆ ಮೊಕದ್ದಮೆಯಲ್ಲಿ ಪಿಯುಸಿಎಲ್ ಪರವಾಗಿ ವಾದಿಸಿದ ರಾಜಿಂದರ್ ಸಾಚಾರ್ ಇನ್ನೊಂದು ಬೇಡಿಕೆ ಇಟ್ಟಿದ್ದರು. ಕದ್ದಾಲಿಸುವ ಮೊದಲು ನ್ಯಾಯಾಂಗದ ಒಪ್ಪಿಗೆ ಪಡೆಯಬೇಕು ಎಂದು. ಕಾನೂನಿನಲ್ಲಿ ಅಂಥ ಏರ್ಪಾಡು ಇಲ್ಲದ ಮೇಲೆ ತಾನದನ್ನು ಹೇರಲಾಗದು ಎಂದು ಕೋರ್ಟು ಹಿಂದೆ ಸರಿಯಿತು. ಭಾರತದ ಕದ್ದಾಲಿಕೆಯ ಕಥೆಯಲ್ಲಿ ಅತಿ ದೊಡ್ಡ ನಷ್ಟ ಆದದ್ದು ಅಲ್ಲಿಯೇ ಎಂದು ನಾನು ನಂಬಿದ್ದೇನೆ. ಮನೆ ಶೋಧಿಸಲು ಮ್ಯಾಜಿಸ್ಟ್ರೇಟರ ವಾರಂಟ್ ಎಂಬ ಪದ್ಧತಿ ನಮಗೆ ಗೊತ್ತು. ಅದೇ ಮನೆಯವರ ಮಾತನ್ನು ಆರು ತಿಂಗಳು ಕೇಳಲು ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲಬೇಕಿಲ್ಲ. ಕೇಳಬೇಕೆನ್ನುವ ಪೊಲೀಸರು, ಒಪ್ಪುವ ಗೃಹ ಕಾರ್ಯದರ್ಶಿ, ಒಪ್ಪಿದ್ದು ಸರಿಯೇ ಎಂದು ನೋಡುವ ಸಮಿತಿ, ಮೂವರೂ ಒಂದೇ ಸರ್ಕಾರದವರು.

ಸಮಿತಿಯ ಪಾಡು ನೋಡಿ. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತದೆಂದು ಮಾಹಿತಿ ಹಕ್ಕಿನಡಿ ಹೊರಬಂದಿತ್ತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಇದನ್ನೇ ಎತ್ತಿ ಹೇಳಿತು. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದಿತು. ಬೇರೆ ನೂರು ಜವಾಬ್ದಾರಿ ಹೊತ್ತ ಮೂವರು ಕಾರ್ಯದರ್ಶಿಗಳು ಅವುಗಳಲ್ಲಿ ಎಷ್ಟನ್ನು ಓದಿಯಾರು?

ಕಾಗದದ ಮೇಲಿನ ಕಾವಲು ಹೇಗೆ ತಪ್ಪಿಹೋಗುತ್ತದೆಂಬುದಕ್ಕೆ 2005ರ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ರಾಜಕಾರಣಿ ಅಮರ್ ಸಿಂಗ್ ಅವರ ಫೋನನ್ನು ಕೇಳಿಸಿಕೊಡಿ ಎಂದು ದೂರವಾಣಿ ಕಂಪನಿಯೊಂದಕ್ಕೆ ಪತ್ರಗಳು ಬಂದವು. ದೆಹಲಿ ಪೊಲೀಸ್ ಜಂಟಿ ಆಯುಕ್ತರದ್ದೊಂದು, ದೆಹಲಿ ಸರ್ಕಾರದ ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿಯದ್ದೊಂದು. ಕಂಪನಿ ಮರುಮಾತಿಲ್ಲದೆ ಲೈನು ಕೊಟ್ಟಿತು. ಎರಡೂ ನಕಲಿ ಪತ್ರಗಳೆಂದು ಆಮೇಲೆ ತಿಳಿಯಿತು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಪತ್ರಗಳಲ್ಲಿನ ಢಾಳಾದ ತಪ್ಪುಗಳತ್ತ ಬೆರಳು ತೋರಿಸಿತು. ಕಾಗುಣಿತದ ತಪ್ಪು ತುಂಬಿದ ಕಾಗದವೊಂದು ಗೃಹ ಇಲಾಖೆಯಿಂದ ಬಂದಿದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಕಂಪನಿ ವಿಚಾರಿಸಬೇಕಿತ್ತು ಎಂದಿತು. ಈಗ ಕಂಪನಿಗಳ ನೋಡಲ್ ಅಧಿಕಾರಿಗಳು ತಮಗೆ ಬಂದ ಆದೇಶಗಳ ಪಟ್ಟಿಯನ್ನು ಆಗಾಗ ತನಿಖಾ ಸಂಸ್ಥೆಗಳಿಗೆ ಕಳಿಸಿ, ಇವು ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ನಕಲಿಯನ್ನು ಅದು ಹಿಡಿಯಬಲ್ಲದೇ ಹೊರತು, ಅಸಲಿ ಸಹಿಯಿದ್ದೂ ಅನ್ಯಾಯವಾದ ಆದೇಶವನ್ನಲ್ಲ.

ಹಾಗೆಂದು ಕದ್ದಾಲಿಕೆಯೇ ಬೇಡ ಎನ್ನಲಾಗದು. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದ ಭಯೋತ್ಪಾದಕರು ತಾಜ್ ಹೋಟೆಲು, ಒಬೆರಾಯ್, ನಾರಿಮನ್ ಹೌಸ್‌ಗಳ ಒಳಗಿಂದ ಗಡಿಯಾಚೆಯ ತಮ್ಮ ಯಜಮಾನರ ಜೊತೆ ಮಾತಾಡುತ್ತಿದ್ದರು. ಆ ಮಾತುಗಳನ್ನು ನಮ್ಮ ಸಂಸ್ಥೆಗಳು ಹಿಡಿದವು. ಕೊಲ್ಲಿಸಿದವರು ಯಾರು, ಎಲ್ಲಿದ್ದರು ಎಂಬುದಕ್ಕೆ ಆ ದನಿಗಳೇ ಮುಖ್ಯ ಸಾಕ್ಷಿಯಾದವು. ಒತ್ತೆಯಾಳುಗಳ ಜೀವ ತೂಗುತ್ತಿರುವಾಗ ಯಾರ ಸಹಿಗೂ ಕಾಯಲಾಗದು ನಿಜ. ಅದಕ್ಕೂ ನಿಯಮದಲ್ಲಿ ದಾರಿಯಿದೆ. ತುರ್ತಿನಲ್ಲಿ ರಾಜ್ಯದ ಐಜಿ ದರ್ಜೆಯ ಅಧಿಕಾರಿಯೇ ಆದೇಶ ಕೊಡಬಹುದು. ಮೂರು ಕೆಲಸದ ದಿನಗಳಲ್ಲಿ ಗೃಹ ಕಾರ್ಯದರ್ಶಿಗೆ ತಿಳಿಸಬೇಕು, ಏಳು ಕೆಲಸದ ದಿನಗಳಲ್ಲಿ ಒಪ್ಪಿಗೆ ಬಾರದಿದ್ದರೆ ನಿಲ್ಲಿಸಬೇಕು. ಗೃಹ ಕಾರ್ಯದರ್ಶಿಯ ಜಾಗದಲ್ಲಿ ನ್ಯಾಯಾಧೀಶರನ್ನು ಕೂರಿಸಿದರೂ ಈ ಏರ್ಪಾಡು ಹೀಗೇ ನಡೆಯುತ್ತದೆ. ಕೋರ್ಟಿಗೆ ಹೋದರೆ ತಡವಾಗುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮಾತು ಕೇಳದೆಯೂ ಬಹಳಷ್ಟು ತಿಳಿಯಬಹುದು. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರಿನಿಂದ ಕರೆ ಮಾಡಿದರು ಎಂಬ ಪಟ್ಟಿಗೆ ಪೊಲೀಸರು ಸಿಡಿಆರ್ ಎನ್ನುತ್ತಾರೆ. ರಾತ್ರಿ ಒಂದಕ್ಕೆ ಮಾನಸಿಕ ವೈದ್ಯರಿಗೆ, ಬೆಳಿಗ್ಗೆ ವಕೀಲರಿಗೆ ಹೋದ ಕರೆ ಸಾಕು, ಒಬ್ಬರ ಸಂಕಟವನ್ನು ಊಹಿಸಲು. ಇದಕ್ಕೆ ಗೃಹ ಕಾರ್ಯದರ್ಶಿಯ ಸಹಿಯೂ ಬೇಡ. 2013ರಲ್ಲಿ ಅರುಣ್ ಜೇಟ್ಲಿ ಅವರ ಸಿಡಿಆರ್ ಅಕ್ರಮವಾಗಿ ಹೊರಹೋಗಿ, ದೆಹಲಿಯ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂಧನವಾದ ಮೇಲೆ, ಎಸ್‌ಪಿ ದರ್ಜೆಗಿಂತ ಕೆಳಗಿನವರು ಅದನ್ನು ಕೇಳುವಂತಿಲ್ಲ ಎಂದು ಸರ್ಕಾರ ಕಟ್ಟುಮಾಡಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬಲ ಬೇಗನೆ ಕಾಣಿಸಿತು. ಬ್ಯಾಂಕ್ ಅಧಿಕಾರಿಗೆ 10 ಲಕ್ಷ ರೂಪಾಯಿ ಲಂಚ ಕೊಟ್ಟರೆಂಬ ಪ್ರಕರಣದಲ್ಲಿ ಹೊರಟಿದ್ದ ಮೂರು ಕದ್ದಾಲಿಕೆ ಆದೇಶಗಳನ್ನು 2019ರಲ್ಲಿ ಬಾಂಬೆ ಹೈಕೋರ್ಟು ರದ್ದು ಮಾಡಿತು. ಲಂಚ ಅಪರಾಧವೇ, ಆದರೆ ಅದು ಸಾರ್ವಜನಿಕ ತುರ್ತು ಪರಿಸ್ಥಿತಿಯೂ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಅಲ್ಲ ಎಂದು ಧ್ವನಿಮುದ್ರಿಕೆಗಳನ್ನು ನಾಶ ಮಾಡಲು ಹೇಳಿತು. ಅಕ್ರಮವಾಗಿ ಸಿಕ್ಕಿದ ಸಾಕ್ಷಿಯೂ ಸಾಕ್ಷಿಯೇ ಎಂಬ ಸುಪ್ರೀಂ ಕೋರ್ಟಿನ 1972ರ ಮಲ್ಕಾನಿ ತೀರ್ಪಿನ ನೆರಳಲ್ಲಿ ಬೆಳೆದ ತನಿಖಾಧಿಕಾರಿಗಳಿಗೆ ಇದು ಹೊಸ ಪಾಠ.

ಆ ಆರೋಪಿಗೆ ತನ್ನ ಮಾತು ಕೇಳಿದ್ದಾರೆಂದು ಗೊತ್ತಾದದ್ದು ಮೊಕದ್ದಮೆ ಹೂಡಿದ್ದರಿಂದ. ಯಾವ ಮೊಕದ್ದಮೆಯೂ ಇಲ್ಲದ ಸಾವಿರಾರು ಜನರಿಗೆ ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗದ ಅನ್ಯಾಯದ ವಿರುದ್ಧ ಅರ್ಜಿ ಬರೆಯುವುದು ಹೇಗೆ? ಅಮೆರಿಕದ 1968ರ ಕಾನೂನಿನಲ್ಲಿ ಅಪರಾಧ ತನಿಖೆಯ ಕದ್ದಾಲಿಕೆಗೆ ನ್ಯಾಯಾಧೀಶರ ಆದೇಶ ಬೇಕು, ಅದೂ ಒಂದು ಸಲಕ್ಕೆ 30 ದಿನ. ಮುಗಿದ 90 ದಿನಗಳೊಳಗೆ, ನ್ಯಾಯಾಧೀಶರು ಮುಂದೂಡದಿದ್ದರೆ, ಕದ್ದಾಲಿಕೆಗೆ ಒಳಗಾದವರಿಗೆ ತಿಳಿಸಬೇಕು. ಎಷ್ಟು ಆದೇಶ ಕೊಟ್ಟರೆಂಬ ಲೆಕ್ಕ ವರ್ಷವರ್ಷವೂ ಅಚ್ಚಾಗುತ್ತದೆ. ನಮ್ಮ 2024ರ ನಿಯಮಗಳಲ್ಲಿ ನ್ಯಾಯಾಧೀಶರೂ ಇಲ್ಲ, ಕದ್ದಾಲಿಕೆಗೆ ಒಳಗಾದವರಿಗೆ ತಿಳಿಸುವ ಬಾಧ್ಯತೆಯೂ ಇಲ್ಲ. ಇವನ್ನು ಸೇರಿಸಲು ಸಂವಿಧಾನ ತಿದ್ದಬೇಕಿಲ್ಲ. 1996ರಲ್ಲಿ ಕೋರ್ಟು ತನ್ನಿಂದಾಗದು ಎಂದದ್ದನ್ನು ಸಂಸತ್ತು 2023ರ ಕಾಯ್ದೆಗೆ ಒಂದು ತಿದ್ದುಪಡಿ ತಂದು ಮಾಡಬಹುದು.