ಒಂದು ಗುಲಗಂಜಿ ತೂಕ ಹೆಚ್ಚು

ನಿವೃತ್ತಿಯ ನಂತರ ಬರುವ ಮೊದಲ ಬೇಸಗೆ ಒಂದು ಕಠಿನ ಪರೀಕ್ಷೆ. ಮೂವತ್ತು ಮೂವತ್ತೈದು ವರ್ಷ ಕಚೇರಿಯ ಹಾಜರಿ ಪುಸ್ತಕಕ್ಕೆ ರುಜು ಹಾಕಿದ ಕೈಗೆ ಈಗ ಕೆಲಸವಿಲ್ಲ. ಪತ್ರಿಕೆಯನ್ನು ಎರಡು ಸಲ ಓದಿ ಮಡಿಸಿಟ್ಟರೂ ಗಡಿಯಾರ ಒಂಬತ್ತು ದಾಟಿರುವುದಿಲ್ಲ. ಅಡಿಗೆಮನೆಯಲ್ಲಿ ಸಲಹೆ ಕೊಡಹೋದರೆ ಅಲ್ಲಿ ಸ್ವಾಗತವಿಲ್ಲ. ಮಕ್ಕಳು ಕಾಶಿಗೋ ಬದರಿಗೋ ಟಿಕೆಟ್ಟಿನ ಮಾತೆತ್ತುತ್ತಾರೆ. ಯಾತ್ರೆ ಒಳ್ಳೆಯದೇ, ಆದರೆ ಅದು ಹದಿನೈದು ದಿನದ ಮಾತು. ಉಳಿದ ದಿನಗಳನ್ನು ತುಂಬುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಮೈಸೂರು ಜಿಲ್ಲೆಯ ತಗಡೂರಿನ ಸುತ್ತಲ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಒಂದು ಕಡೆ ಕಪಿಲೆಯ ದಡದ ನಂಜನಗೂಡು. ಇನ್ನೊಂದು ಕಡೆ ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿ ಉಂಟು. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂಬುದಕ್ಕೆ ಅದು ಗುರುತು ಎಂದು ಭಕ್ತರ ನಂಬಿಕೆ. ದೂರದ್ದಕ್ಕಿಂತ ಹತ್ತಿರದ್ದು ಕೂದಲೆಳೆಯಷ್ಟಾದರೂ ಹಿರಿದೆಂದ ಈ ನಂಬಿಕೆಯಲ್ಲಿ ವಿಶ್ರಾಂತ ಜೀವನಕ್ಕೆ ಬೇಕಾದ ವಿವೇಕವೆಲ್ಲ ಅಡಗಿದೆ.

ಮೊದಲು ಹಿತ್ತಿಲು. ಉರಿಬಿಸಿಲಿನಲ್ಲಿ ಎಂಥ ತೋಟಗಾರಿಕೆ ಎಂದು ಹುಬ್ಬೇರಿಸುವವರುಂಟು. ಆದರೆ ಮೈಸೂರು ಮಲ್ಲಿಗೆ ಮೈತುಂಬ ಹೂ ಬಿಡುವುದೇ ಬೇಸಗೆಯಲ್ಲಿ. ಬೆಳಗ್ಗೆ ಬಿಸಿಲೇರುವ ಮುನ್ನ ಬುಡಕ್ಕೆ ನೀರು, ಮೇಲೆ ತರಗೆಲೆಯ ಹೊದಿಕೆ; ಇಷ್ಟು ಉಪಚಾರ ಮಾಡಿದರೆ ಸಂಜೆ ದೇವರಿಗೂ ಮುಡಿಗೂ ಸಾಲುವಷ್ಟು ಮೊಗ್ಗು. ಮಳೆ ಬಿದ್ದೊಡನೆ ನೆಡಲು ಒಂದು ಪಾತಿ ಸಿದ್ಧಮಾಡಿ ರಸಬಾಳೆಯ ಕಂದಿಗಾಗಿ ಕಾಯುವುದು ಎರಡನೆಯ ಕೆಲಸ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ, ಪನಾಮ ಸೊರಗು ರೋಗಕ್ಕೆ ಸಿಕ್ಕಿ ತನ್ನ ತವರಿನಲ್ಲೇ ಅಪರೂಪವಾಯಿತು. ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಕಂದನ್ನು ರೋಗವಿಲ್ಲದ ತೋಟದಿಂದಲೇ ತರಬೇಕು. ಗೊನೆಗಾಗಿ ವರ್ಷದ ಮೇಲೆ ಕಾಯಬೇಕು. ಅರವತ್ತು ದಾಟಿದವನಿಗೆ ಮುಂದಿನ ಬೇಸಗೆಯನ್ನು ಎದುರುನೋಡಲು ಒಂದು ಕಾರಣ ದೊರೆಯುವುದೆಂದರೆ ಅದೇನು ಸಣ್ಣ ಲಾಭವೇ?

ಹಿತ್ತಿಲಿನ ಕೆಲಸ ಮುಗಿದ ಮೇಲೆ ಕೈಗೆ ಪೆನ್ಸಿಲು. ‘ಈ ವಯಸ್ಸಿನಲ್ಲಿ ಚಿತ್ರವೇ?’ ಎಂಬ ಸಂಕೋಚ ಬೇಡ. ಸ್ವಾತಂತ್ರ್ಯ ಹೋರಾಟಕ್ಕೂ ಸಾರ್ವಜನಿಕ ಜೀವನಕ್ಕೂ ತಮ್ಮನ್ನು ಒಪ್ಪಿಸಿಕೊಂಡು ಕುಂಚವನ್ನು ಬದಿಗಿಟ್ಟಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಮತ್ತೆ ಅದನ್ನು ಹಿಡಿದದ್ದು ಐವತ್ತು ದಾಟಿದ ಮೇಲೆ. ಬೆಂಗಳೂರಿನ ಹೂಮರಗಳ ಬಣ್ಣವನ್ನು ಬಯಲಲ್ಲಿ ನಿಂತು ಚಿತ್ರಿಸಿ ಅವರು ಹೆಸರಾದರು. ಹೆಸರಾಗುವ ಹಂಬಲವಿಲ್ಲದವರಿಗೆ ಹೊಂಗೆಯ ನೆರಳು, ಒಂದು ನೋಟು ಪುಸ್ತಕ ಸಾಕು. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ ಹೊಯ್ಸಳರ ಕಾಲದ್ದು, 13ನೆಯ ಶತಮಾನದ ಕೃತಿ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಗೋಡೆಯ ಕೆಳಪಟ್ಟಿಯ ಆನೆಗಳನ್ನು ನೋಡಿ ಮುಂದೆ ಸಾಗುವುದು ಅರ್ಧ ನಿಮಿಷದ ಕೆಲಸ. ಒಂದು ಆನೆ ಮತ್ತೊಂದರಂತಿದೆಯೇ ಎಂಬುದು ಬರೆಯಲು ಕುಳಿತಾಗಲೇ ತಿಳಿಯುವುದು.

ಬೇಸಗೆ ರಜೆಗೆ ಮೊಮ್ಮಕ್ಕಳು ಬಂದಾಗ ಸಂಚಾರಕ್ಕೆ ಕಳೆಗಟ್ಟುತ್ತದೆ. ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿದರೆ ನಂಜನಗೂಡು ಬಲು ಸಮೀಪ. ಶ್ರೀಕಂಠೇಶ್ವರನ ದರ್ಶನದ ಜತೆಗೆ, 1735ರಲ್ಲಿ ಕಟ್ಟಿದ್ದೆನ್ನುವ ಕಪಿಲೆಯ ಹಳೆಯ ಕಲ್ಲುಸೇತುವೆಯನ್ನೂ ಮಕ್ಕಳಿಗೆ ತೋರಿಸಬೇಕು. ಒಂದು ಕಾಲಕ್ಕೆ ರೈಲು ಓಡಿದ್ದು ಅದರ ಮೇಲೆಯೇ. ಸಂಗಮದಲ್ಲಿ ಮಾತ್ರ ಎಚ್ಚರ ಬೇಕು: ನೀರು ಶಾಂತವಾಗಿ ಕಂಡರೂ ಆಳ ತಿಳಿಯದು, ಮಕ್ಕಳ ಕೈ ಬಿಡಬಾರದು.

ಇಷ್ಟೆಲ್ಲ ಸುತ್ತಿ ತಗಡೂರನ್ನು ಬಿಡುವುದು ಸಲ್ಲದು. ತಗಡೂರು ರಾಮಚಂದ್ರರಾಯರು ಖಾದಿಯ ಕಾಯಕವನ್ನು ಬೇರೂರಿಸಿದ ಊರು ಅದು. 1934ರ ಜನವರಿಯಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಗಾಂಧೀಜಿ ಇಲ್ಲಿಗೆ ಬಂದಾಗ ಅವರ ವಯಸ್ಸು 64. ಇಂದು ರಾಜ್ಯ ಸರ್ಕಾರಿ ನೌಕರರು ನಿವೃತ್ತರಾಗುವುದು 60ಕ್ಕೆ. ಅದಕ್ಕಿಂತ ನಾಲ್ಕು ವರ್ಷ ಹಿರಿಯರಾಗಿದ್ದವರು ಊರೂರು ಅಲೆಯುತ್ತ, ನಿತ್ಯವೂ ನೂಲುತ್ತ ಇದ್ದರು. ಎಲ್ಲರೂ ಮಹಾತ್ಮರಾಗಬೇಕಿಲ್ಲ. ಆದರೆ ಕೈಗೆ ಒಂದಿಷ್ಟು ಕೆಲಸ, ಕಣ್ಣಿಗೆ ಒಂದಿಷ್ಟು ನೋಟ, ಕಾಲಿಗೆ ಒಂದಿಷ್ಟು ದಾರಿ ಇದ್ದವರಿಗೆ ಪಿಂಚಣಿಯ ದಿನಗಳು ಭಾರವಾಗುವುದಿಲ್ಲ.