ಮೇಲೆ ಬೇಕಾದ ಹೆಪ್ಪು, ಕೆಳಗೆ ಬೇಡಾದ ಹೆಪ್ಪು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ತಲೆ ಸಿಡಿದರೆ ಅಂಗಡಿಯ ಗುಳಿಗೆ ನುಂಗಿ ಮಲಗುವದು ರೂಢಿ. ನಮ್ಮ ಮೇಜಿನ ಖಾನೆಯಲ್ಲಿಯೂ ಅವು ಇದ್ದೇ ಇರುತ್ತವೆ! ಆದರೆ ಸಿಡಿಲು ಬಡಿದಂತೆ ಒಮ್ಮೆಲೆ ಎದ್ದ ತಲೆಬೇನೆ, ಅದರೊಡನೆ ವಾಂತಿ, ಕುತ್ತಿಗೆಯ ಬಿಗುವು ಇವು ಮೆದುಳಿನ ರಕ್ತನಾಳದ ಉಬ್ಬು ಒಡೆದುದರ ಕುರುಹಾಗಿರಬಹುದು. ಹೆಪ್ಪುಗಟ್ಟುವದನ್ನು ತಡೆಯುವ ಆಸ್ಪಿರಿನ್ನನ್ನು ಆಗ ನುಂಗುವದು ಅಪಾಯಕರವು.

ವೈದ್ಯರ ಇಕ್ಕಟ್ಟನ್ನಾದರೂ ವಾಚಕರು ನೋಡಬೇಕು. ಮೇಲೆ, ಒಡೆದ ಉಬ್ಬಿನ ಬಾಯಲ್ಲಿ ಹೆಪ್ಪು ನಿಲ್ಲಬೇಕು. ಕೆಳಗೆ, ಅಲುಗಾಡದೆ ಮಲಗಿದವನ ಕಾಲಿನ ಸಿರೆಯಲ್ಲಿ ಅದು ಕಟ್ಟಬಾರದು. ಕಟ್ಟಿ ಕಳಚಿತೆಂದರೆ ಪುಪ್ಪುಸಕ್ಕೇರಿ ಪ್ರಾಣವನ್ನೇ ತೆಗೆದೀತು. 1916ರಲ್ಲಿ ಅಮೇರಿಕೆಯ ವಿದ್ಯಾರ್ಥಿ ಜೇ ಮೆಕ್ಲೀನನ ಶೋಧದಿಂದ ಮೊದಲಾದ ಹೆಪಾರಿನ್ ಇದಕ್ಕೆ ಮದ್ದು. ಆದರೆ ಉಬ್ಬು ಮುಚ್ಚುವ ಮೊದಲೇ ಕೊಟ್ಟರೆ ನೆತ್ತರು ಮರಳಿ ಹರಿಯುವ ಭಯ. ಆದುದರಿಂದ ಮೊದಲು ಗಾಳಿ ತುಂಬಿ ಕಾಲನ್ನೊತ್ತುವ ಪಟ್ಟಿಗಳು. ಬಳಿಕ 1937ರಲ್ಲಿ ವಾಲ್ಟರ್ ಡ್ಯಾಂಡಿ ತೋರಿದ ಕ್ಲಿಪ್ಪಿನಿಂದಲೋ, ಈಚಿನ ಪ್ಲಾಟಿನಂ ಸುರುಳಿಯಿಂದಲೋ ಉಬ್ಬನ್ನು ಭದ್ರಪಡಿಸುವದು. ಸಾಮಾನ್ಯವಾಗಿ ಅದಾದ 24 ತಾಸಿನ ಮೇಲೆಯೇ ಹೆಪಾರಿನ್.

ಇದು ಬೆಳಗಾವಿಯಂಥ ಊರಿನ ದೊಡ್ಡ ದವಾಖಾನೆಯ ಕೆಲಸ. ಮರಳಿ ಒಡೆಯುವ ಭಯವೋ ಮೊದಲ ದಿನವೇ ಹೆಚ್ಚು. ತಾಲೂಕಿನ ಅಧಿಕಾರಿಗಳಲ್ಲಿ ನಮ್ಮ ಕೇಳಿಕೆ ದೊಡ್ಡದಲ್ಲ: ಇಂಥ ರೋಗಿ ಬಂದ ಕೂಡಲೆ 108ರ ಗಾಡಿ ಹೊರಡಲಿ, ಜೊತೆಗೆ ಹೋಗುವ ಚೀಟಿಯಲ್ಲಿ ನುಂಗಿದ ಗುಳಿಗೆಯ ಹೆಸರೂ ವೇಳೆಯೂ ಬರೆದಿರಲಿ.